ಡಾಸ್‌ನಲ್ಲಿ ಫೈಲಿನೊಳಗಿನ ಪಠ್ಯ ಹುಡುಕಲು ಯಾವುದು ವಾಸಿ: ಫೈಂಡ್, ಗ್ರೆಪ್, ನಾರ್ಟನ್ ಟಿಎಸ್

ಕಮಾಂಡುಗಳನ್ನು ಟೈಪ್ ಮಾಡಿ ನಡೆಸುವ ಮೈಕ್ರೋಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 6.22 ಇರುವ ಹಳೆಯ 486 ಪ್ರೊಸೆಸರಿನ ಯಂತ್ರದಲ್ಲಿ, ಪಠ್ಯ ಹುಡುಕುವ ಫೈಂಡ್, ಗ್ರೆಪ್, ಟಿಎಸ್ ಎಂಬ ಪ್ರೋಗ್ರಾಮುಗಳನ್ನು ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆ. ಹುಡುಕಲು ಆರಿಸಿಕೊಂಡದ್ದು ಮೈಕ್ರೋಸಾಫ್ಟ್ 2024ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಎಂಎಸ್-ಡಾಸ್ 4.0ರ ಸೋರ್ಸ್ ಕೋಡ್. ಡೈರೆಕ್ಟರಿಯೊಳಗೆ ಡೈರೆಕ್ಟರಿ, ಅದರ ತುಂಬ ಅಸೆಂಬ್ಲಿ ಫೈಲುಗಳು. ಬೇಕಾಗಿದ್ದದ್ದು ಡಾಸ್‌ನ ಸೇವೆಗಳನ್ನು ಕರೆಯುವ ‘ಇಂಟ್ 21ಎಚ್’ ಸಾಲುಗಳು.

ಫೈಂಡ್ ಡಾಸ್ ಜೊತೆಗೇ ಬರುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಆದರೆ ಅದಕ್ಕೆ ಫೈಲಿನ ಹೆಸರನ್ನು ಪೂರ್ತಿಯಾಗಿ ಕೊಡಬೇಕು. ಹೆಸರಿನ ಜಾಗದಲ್ಲಿ ‘ಯಾವ ಹೆಸರಾದರೂ ಸರಿ’ ಎನ್ನುವ ಸ್ಟಾರ್ (*) ಹಾಕಿದರೆ ಒಪ್ಪುವುದಿಲ್ಲ. ಕಾರಣ ಇಷ್ಟೇ: ಯುನಿಕ್ಸ್‌ನಲ್ಲಿ ಸ್ಟಾರ್ ಅನ್ನು ಬಿಡಿಸಿ ಫೈಲುಗಳ ಪಟ್ಟಿ ಮಾಡಿಕೊಡುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ಪ್ರೋಗ್ರಾಮ್ ಓಡಿಸುವ ಭಾಗ. ಡಾಸ್‌ನಲ್ಲಿ ಶೆಲ್ ಆಗಿರುವ ಕಮಾಂಡ್ ಡಾಟ್ ಕಾಮ್ ಆ ಕೆಲಸಕ್ಕೆ ಕೈ ಹಾಕುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ದಾಟಿಸುತ್ತದೆ. ಬಿಡಿಸಿಕೊಳ್ಳುವುದು ಆಯಾ ಪ್ರೋಗ್ರಾಮಿನ ಹೊಣೆ. ಫೈಂಡ್ ಬರೆದವರು ಅದನ್ನು ಮಾಡಲಿಲ್ಲ, ಗ್ರೆಪ್ ಬರೆದವರು ಮಾಡಿದರು. ನನ್ನ ಮಟ್ಟಿಗೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಫೈಂಡ್‌ನಲ್ಲಿ ಹಲವು ಫೈಲು ನೋಡಬೇಕೆಂದರೆ ಒಂದೊಂದರ ಹೆಸರನ್ನೂ ಸಾಲಾಗಿ ಕೊಡಬೇಕು, ಇಲ್ಲವೇ ಒಂದೇ ಕಮಾಂಡನ್ನು ಪ್ರತಿ ಫೈಲಿಗೂ ಓಡಿಸುವ ಫಾರ್ ಲೂಪ್ ಬರೆಯಬೇಕು. ಲೂಪಿನಲ್ಲಿ ಪ್ರತಿ ಫೈಲಿಗೂ ಫೈಂಡ್ ಪ್ರೋಗ್ರಾಮ್ ಹೊಸದಾಗಿ ಲೋಡ್ ಆಗುತ್ತದೆ. ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸ್ಮಾರ್ಟ್‌ಡ್ರೈವ್ ಇದ್ದರೆ ತಡೆದುಕೊಳ್ಳಬಹುದು. ಫ್ಲಾಪಿಯಿಂದ ಓಡಿಸಿದರೆ ತಾಳ್ಮೆ ಕೆಡುತ್ತದೆ. ಮೇಲಾಗಿ, ಪದ ಸಿಗಲಿ ಬಿಡಲಿ, ಪ್ರತಿ ಫೈಲಿನ ಹೆಸರನ್ನೂ ಹತ್ತು ಅಡ್ಡಗೆರೆಗಳ ಹಿಂದೆ ಅಚ್ಚು ಹಾಕುತ್ತಾ ಹೋಗುವುದರಿಂದ ಸಿಕ್ಕ ನಾಲ್ಕು ಸಾಲು ಆ ರಾಶಿಯಲ್ಲಿ ಕಳೆದುಹೋಗುತ್ತವೆ. ದೊಡ್ಡಕ್ಷರ, ಸಣ್ಣಕ್ಷರ ಭೇದ ಬೇಡವೆನ್ನುವ ಸ್ಲ್ಯಾಶ್ ಐ ಬಂದದ್ದು 1991ರ ಡಾಸ್ 5ರಲ್ಲಿ. ಅದಕ್ಕಿಂತ ಹಳೆಯ ಡಾಸ್ ಇದ್ದವರು ಎರಡೆರಡು ಸಲ ಹುಡುಕಬೇಕು.

ಇನ್ನೊಂದು ತೊಡಕು ನಮ್ಮ ಸಾಲಿನಲ್ಲೇ ಇದೆ. ಅಸೆಂಬ್ಲಿ ಬರೆಯುವವರು ‘ಇಂಟ್’ ಮತ್ತು ‘21ಎಚ್’ ನಡುವೆ ಒಮ್ಮೆ ಸ್ಪೇಸ್ ಒತ್ತುತ್ತಾರೆ, ಒಮ್ಮೆ ಟ್ಯಾಬ್. ಪರದೆಯ ಮೇಲೆ ಎರಡೂ ಖಾಲಿ ಜಾಗ, ಫೈಂಡ್‌ಗೆ ಮಾತ್ರ ಬೇರೆ ಬೇರೆ. ಮೊದಲು ‘ಇಂಟ್’ ಹುಡುಕಿ, ಬಂದದ್ದನ್ನು ಪೈಪ್ (ಒಂದು ಪ್ರೋಗ್ರಾಮಿನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ದಾಟಿಸುವ | ಗುರುತು) ಮೂಲಕ ಇನ್ನೊಂದು ಫೈಂಡ್‌ಗೆ ಕೊಟ್ಟು ‘21ಎಚ್’ ಸೋಸಬಹುದು. ಒಂದೇ ಫೈಲಾದರೆ ಇದು ಚೊಕ್ಕ ಉಪಾಯ. ಹಲವು ಫೈಲುಗಳಾದರೆ ಹೆಸರಿನ ಸಾಲೂ ಸೋಸಿಹೋಗುತ್ತದೆ, ಸಿಕ್ಕದ್ದು ಯಾವ ಫೈಲಿನದೆಂದೇ ತಿಳಿಯುವುದಿಲ್ಲ.

ಬೋರ್ಲ್ಯಾಂಡ್‌ ಕಂಪನಿಯವರು ತಮ್ಮ ಸಿ ಕಂಪೈಲರ್ ಟರ್ಬೊ ಸಿ ಜೊತೆ ಕೊಡುತ್ತಿದ್ದ ಗ್ರೆಪ್ ಡಾಟ್ ಕಾಮ್ ಇಲ್ಲಿ ಗೆದ್ದುಬಿಡುತ್ತದೆ. ಸ್ಟಾರ್ ಅರ್ಥವಾಗುತ್ತದೆ. ಡ್ಯಾಶ್ ಡಿ ಕೊಟ್ಟರೆ ಒಳಗಿನ ಡೈರೆಕ್ಟರಿಗಳಿಗೂ ಇಳಿಯುತ್ತದೆ, ಡ್ಯಾಶ್ ಎಲ್ ಕೊಟ್ಟರೆ ಪದ ಸಿಕ್ಕ ಫೈಲುಗಳ ಹೆಸರಷ್ಟೇ ಹೇಳುತ್ತದೆ. ಹುಡುಕುವ ಪ್ಯಾಟರ್ನಿನಲ್ಲಿ ‘ಇಂಟ್’ ಮತ್ತು ‘21ಎಚ್’ ನಡುವೆ ‘ಏನಿದ್ದರೂ ಸರಿ’ ಎನ್ನುವ ಡಾಟ್, ಸ್ಟಾರ್ (.*) ಹಾಕಿದರೆ ಸ್ಪೇಸೋ ಟ್ಯಾಬೋ ಎಂಬ ಗೊಡವೆಯೇ ಇಲ್ಲ. ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಮುಂದಿನದು. ಅಸೆಂಬ್ಲಿಯಲ್ಲಿ ಸೆಮಿಕೋಲನ್‌ನಿಂದ ಮುಂದಿನದು ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ ಟಿಪ್ಪಣಿ: ಸಾಲಿನ ಮೊದಲಿನಿಂದ ‘ಇಂಟ್’ ತನಕ ಸೆಮಿಕೋಲನ್ ಬರಕೂಡದು ಎಂದು ಪ್ಯಾಟರ್ನಿನಲ್ಲೇ ಹೇಳಿದರೆ ಕಾಮೆಂಟುಗಳೆಲ್ಲ ಹೊರಗುಳಿದು ನಿಜವಾದ ಕೋಡ್ ಮಾತ್ರ ಬರುತ್ತದೆ. ಫೈಂಡ್‌ನಿಂದ ಇದು ಆಗದ ಕೆಲಸ.

ಡಾಸ್‌ಗೆಂದೇ ಇರುವ ಕಂಪೈಲರ್ ಡಿಜೆಜಿಪಿಪಿಯಲ್ಲಿ ಕಂಪೈಲ್ ಮಾಡಿದ ಗ್ನೂ ಗ್ರೆಪ್ (ಗ್ನೂ ಯೋಜನೆಯವರ ಉಚಿತ ಗ್ರೆಪ್) ಇನ್ನೂ ಬಲಶಾಲಿ. ಆದರೆ ಅದಕ್ಕೆ 386 ಅಥವಾ ಮೇಲಿನ ಪ್ರೊಸೆಸರ್ ಬೇಕು, ಡಾಸ್‌ನ ಮಿತಿಗಿಂತ ಹೆಚ್ಚಿನ ಮೆಮೊರಿ ಬಳಸಲು ನೆರವಾಗುವ ಡಿಪಿಎಂಐ ಹೋಸ್ಟ್ ಎಂಬ ಪ್ರೋಗ್ರಾಮ್ ಬೇಕು. 286 ಇದ್ದವರು ಅದರ ಆಸೆ ಬಿಡಬೇಕು.

ಹಾಗೆಂದು ಫೈಂಡ್ ಅನ್ನು ಮೂಲೆಗೆ ಹಾಕಬೇಡಿ. ಫೈಲುಗಳ ಪಟ್ಟಿ ಕೊಡುವ ಡಿಐಆರ್ ಅಥವಾ ಮೆಮೊರಿಯ ಲೆಕ್ಕ ಕೊಡುವ ಮೆಮ್ ಕಮಾಂಡಿನ ಔಟ್‌ಪುಟ್ ಸೋಸಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಪೈಪಿನಿಂದ ಓದುವಾಗ ಹೆಸರಿನ ಸಾಲಿನ ಕಾಟವೂ ಇರುವುದಿಲ್ಲ. ಒಂದು ವಿಷಯ ನೆನಪಿರಲಿ: ಡಾಸ್‌ನಲ್ಲಿ ಪೈಪ್ ಎಂದರೆ ಡಿಸ್ಕಿನ ಮೇಲೆ ಬರೆಯುವ ತಾತ್ಕಾಲಿಕ ಫೈಲು. ರೈಟ್-ಪ್ರೊಟೆಕ್ಟ್ ಆದ ಫ್ಲಾಪಿಯಿಂದ ಬೂಟ್ ಮಾಡಿದ್ದರೆ ತಾತ್ಕಾಲಿಕ ಫೈಲುಗಳ ಜಾಗವನ್ನು ಹೇಳುವ ಟೆಂಪ್ ವೇರಿಯಬಲ್ ಬರೆಯಬಹುದಾದ ಬೇರೆ ಡ್ರೈವನ್ನು ತೋರಿಸುತ್ತಿರಬೇಕು.

ನಾರ್ಟನ್ ಯುಟಿಲಿಟೀಸ್ ಎಂಬ ಉಪಕರಣಗಳ ಕಟ್ಟಿನಲ್ಲಿದ್ದ ಟಿಎಸ್ (ಟೆಕ್ಸ್ಟ್ ಸರ್ಚ್) ದಿನನಿತ್ಯದ ಹುಡುಕಾಟಕ್ಕೆ ನಿಧಾನ, ಪ್ರಶ್ನೆ ಕೇಳುವುದೂ ಹೆಚ್ಚು. ಆದರೆ ಉಳಿದ ಯಾವುದೂ ಮಾಡದ ಒಂದು ಕೆಲಸ ಅದಕ್ಕೆ ಗೊತ್ತು: ಅಳಿಸಿಹೋದ ಫೈಲುಗಳಿದ್ದ ಜಾಗದಲ್ಲೂ ಹುಡುಕುತ್ತದೆ. ಅಳಿಸಿದ ಪತ್ರದ ಒಂದು ಸಾಲು ನೆನಪಿದ್ದರೂ ಸಾಕು, ಪ್ರಯತ್ನಿಸಬಹುದು. ಸಿಕ್ಕದ್ದನ್ನು ಮಾತ್ರ ಬೇರೆ ಡಿಸ್ಕಿಗೆ ಉಳಿಸಿ. ಅದೇ ಡಿಸ್ಕಿಗೆ ಬರೆದರೆ ಇನ್ನೂ ಸಿಗಬೇಕಾದ ಭಾಗದ ಮೇಲೆಯೇ ಬರೆದುಬಿಡುವ ಅಪಾಯವಿದೆ.