ಬೇಸ್‌ಲೈನ್ ಬರೆಯುವ ಆನ್‌ಲೈನ್ ಕೋರ್ಸ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಾನು ಗಂಗಾವತಿಯವನು. ಹಗಲು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪಿನಲ್ಲಿ ಹಾಡು ಕೂಡಿಸುತ್ತೇನೆ. ಪದ ನನ್ನದೇ, ಧಾಟಿಯೂ ನನ್ನದೇ. ಮೇಲಿನ ಭಾಗ ಹೇಗೋ ಬರುತ್ತಿತ್ತು, ಕೆಳಗೆ ಮಾತ್ರ ಬರೀ ಟೊಳ್ಳು. ಹಾಡಿನ ತಳದಲ್ಲಿ ನಡೆಯುವ ತಗ್ಗು ಸ್ವರಗಳ ಸಾಲಿಗೆ ಬೇಸ್‌ಲೈನ್ ಅಂತಾರೆ. ಕೀಬೋರ್ಡಿನ ಎಡಗಡೆ ಒಂದು ಸ್ವರ ಒತ್ತಿ ಹಿಡಿದರೆ ಅದೇ ಬೇಸ್ ಅಂದುಕೊಂಡಿದ್ದೆ. ಅದಕ್ಕೇ ಈ ಕೋರ್ಸಿಗೆ ಸೇರಿದೆ. ತಿಂಗಳಿಗೆ 499 ರೂಪಾಯಿ. ಅವರ ಜೊತೆ ದುಡ್ಡಿನ ತಕರಾರು ಇನ್ನೂ ಮುಗಿದಿಲ್ಲ, ಹಾಗಾಗಿ ಕೋರ್ಸಿನ ಹೆಸರು ಬೇಡ.

ಮೊದಲ ವಾರ ಪೂರ್ತಿ ರೂಟ್ ಸ್ವರ ಮಾತ್ರ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅದಕ್ಕೆ ಹೆಸರು ಕೊಡುವ ಸ್ವರವೇ ರೂಟ್. ಎ ಮೈನರ್ ಕಾರ್ಡ್ ಬಂದರೆ ಎ, ಎಫ್ ಬಂದರೆ ಎಫ್. ಆಮೇಲೆ ಅದರ ಐದನೆಯದು, ಆಮೇಲೆ ಮೇಲಿನ ಸಪ್ತಕದ್ದು. ನಮ್ಮ ಲೆಕ್ಕದಲ್ಲಿ ಸ, ಪ, ಮೇಲಿನ ಸ. ತಂಬೂರಿ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ ಅಲ್ವಾ? ನನಗೆ ಕಣ್ಣು ಬಿಟ್ಟಿದ್ದು ಅದರ ಮುಂದಿನ ಪಾಠದಲ್ಲಿ. ಮೇಲೆ ಸಿ ಕಾರ್ಡ್ ಹಾಗೇ ಇರಲಿ, ಕೆಳಗೆ ಸಿ ಬದಲು ಇ ಹಾಕಿ ನೋಡಿ. ಸುಮ್ನೆ ಕೂತಿದ್ದ ಕಾರ್ಡು ಎಲ್ಲಿಗೋ ಹೊರಟು ನಿಂತ ಹಾಗೆ ಕೇಳುತ್ತದೆ.

ಇಷ್ಟು ಕಲಿತ ಖುಷಿಯಲ್ಲಿ ಒಂದು ಹಾಡಿಗೆ ಎಡೆಬಿಡದೆ ಬೇಸ್ ತುಂಬಿ ನಮ್ಮ ಸೋದರಮಾವನಿಗೆ ಕೇಳಿಸಿದೆ. ಅವರು ಅಮಾವಾಸ್ಯೆ ಭಜನೆಗೆ ತಬಲಾ ಬಾರಿಸುವವರು. ಅರ್ಧ ಕೇಳಿ, "ಅಳಿಯಾ, ಇದು ಎಲ್ಲೂ ಉಸಿರು ತಗಳ್ಳೂದ ಇಲ್ಲಲ್ಲೋ" ಅಂದರು. ಹಾಡು ಕೆಹರ್ವಾ ತಾಳದ್ದು, ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ತಬಲಾ ಜೊತೆಗಿನ ಎಡಗೈ ವಾದ್ಯ ಡಗ್ಗಾ ಎಳೆದುಕೊಂಡು ಧಾ ಗೆ ನಾ ತಿ, ನಾ ಕ ಧಿ ನಾ ಅಂತ ನಿಧಾನವಾಗಿ ಬಾರಿಸಿದರು. ಡಗ್ಗಾ ಗುಂಯ್ ಅನ್ನುವುದು ಒಂದು, ಎರಡು, ಏಳನೇ ಮಾತ್ರೆಯಲ್ಲಿ ಮಾತ್ರ. ಐದಕ್ಕೆ ಖಾಲಿ, ಡಗ್ಗಾ ಗುಂಯ್ ಅನ್ನದೆ ಬಿಡುವ ಜಾಗ. ನಾನು ಎಂಟಕ್ಕೆ ಎಂಟೂ ತುಂಬಿದ್ದೆ.

ಅವತ್ತು ರಾತ್ರಿಯೇ ಆರು ಸ್ವರ ಅಳಿಸಿದೆ. ಒಂದಕ್ಕೆ ಸ, ಏಳಕ್ಕೆ ಪ, ಅಷ್ಟೇ. ಸ ಎಳೆದುಕೊಂಡು ಹೋಗದ ಹಾಗೆ ಐದರ ಹತ್ತಿರ ಕತ್ತರಿಸಿದೆ. ಹಾಡು ಎದ್ದು ಕೂತಿತು. ಕೋರ್ಸಿನ ಏಳನೇ ಪಾಠದಲ್ಲಿ ಬೇಸ್ ಕಿಕ್ ಡ್ರಮ್ಮಿನ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಜೊತೆಗೇ ಬೀಳಬೇಕು ಅಂತ ನಲವತ್ತು ನಿಮಿಷ ಹೇಳಿದ್ದು ಇದನ್ನೇ. ನನ್ನ ತಲೆಗೆ ಹೋಗಿದ್ದು ಡಗ್ಗಾದಿಂದ.

ಕೋರ್ಸಿನ ದೊಡ್ಡ ಕೊರತೆಯೂ ಇಲ್ಲೇ ಇದೆ. ಎಲ್ಲಾ ಪಾಠವೂ ಕಾರ್ಡ್ ಬದಲಾಗುವ ಹಾಡಿಗೆ. ಮುಂದಿನ ರೂಟಿಗೆ ಹೋಗುವ ಮೊದಲು ಅರ್ಧ ಸ್ವರ ಕೆಳಗಿನಿಂದ ಜಾರಿ ಬನ್ನಿ ಅಂತಾರೆ. ಇಂಗ್ಲಿಷ್ ಹಾಡಿಗೆ ಚೆನ್ನಾಗಿರುತ್ತದೆ. ನಾನು ಅದನ್ನೇ ಭೂಪ ರಾಗದ ಒಂದು ಧಾಟಿಗೆ ಹಾಕಿದೆ. ಸಕ್ಕೆ ಅರ್ಧ ಸ್ವರ ಕೆಳಗೆ ಅಂದರೆ ನಿ. ಭೂಪದಲ್ಲಿ ಸ ರೆ ಗ ಪ ಧ ಐದೇ, ನಿ ಇಲ್ಲವೇ ಇಲ್ಲ. ಪಾಯಸಕ್ಕೆ ಖಾರದಪುಡಿ ಬಿದ್ದ ಹಾಗಾಯಿತು. ಈಗ ಧದಿಂದಲೇ ಸಕ್ಕೆ ಹತ್ತಿಸುತ್ತೇನೆ, ಇಲ್ಲಾ ಮೇಲಿನ ರೆಯಿಂದ ಇಳಿಸುತ್ತೇನೆ. ಇದನ್ನು ಯಾವ ಪಾಠದಲ್ಲೂ ಹೇಳಿಲ್ಲ.

14ನೇ ಪಾಠಕ್ಕೆ ಮಾತ್ರ ಪೂರ್ತಿ ಅಂಕ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಕೇಳುವುದಿಲ್ಲ. ಇಯರ್‌ಫೋನಿನಲ್ಲಿ ಗುಡುಗುತ್ತಿದ್ದ ನನ್ನ ಬೇಸ್ ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಮಾಯ ಆಗುತ್ತಿದ್ದದ್ದು ಇದಕ್ಕೇ. ಬೇಸಿಗೆ ಸ್ವಲ್ಪ ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟು ಮಾಡುವುದು) ಹಾಕಿದರೆ ಅದರ ಮೇಲುಸ್ವರಗಳು ಎದ್ದು ಬರುತ್ತವೆ, ಕೆಳಗಿನದನ್ನು ನಮ್ಮ ಕಿವಿ ತಾನೇ ಕೂಡಿಸಿಕೊಳ್ಳುತ್ತದೆ.

ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತಂತಿ ಮೀಟುತ್ತಿದ್ದದ್ದು ಬಲಗೈಯ ತೋರುಬೆರಳೊಂದರಲ್ಲೇ. ಒಂದೇ ಬೆರಳಲ್ಲಿ ಮೌಸ್ ಒತ್ತಿ ಬೇಸ್ ಬರೆಯುವ ನನಗೆ ಇದರಿಂದ ಧೈರ್ಯ ಬಂತು ಅನ್ನಿ.

ಉಳಿದದ್ದು ಗೋಳು. ವಿಡಿಯೋ ಇಳಿಸಿಕೊಳ್ಳಲು ಬಿಡಲ್ಲ, ಕರೆಂಟ್ ಹೋಗಿ ವೈಫೈ ಆಫ್ ಆದರೆ ಪಾಠವೂ ಅಲ್ಲಿಗೇ ನಿಂತಿತು. ಚಂದಾ ರದ್ದು ಮಾಡಿದ ಮೇಲೂ ಒಂದು ತಿಂಗಳ ದುಡ್ಡು ಹೊಡೆದರು. ಮೂರು ಮೇಲ್ ಹಾಕಿದೆ, ಮೂರಕ್ಕೂ ಅದೇ ಯಂತ್ರದ ಉತ್ತರ. ಕೊನೆಗೆ ಬ್ಯಾಂಕಿಗೆ ಹೋಗಿ ಆಟೋ-ಪೇ ತೆಗೆಸಿದೆ.

ಐದಕ್ಕೆ ಮೂರು ಕೊಡುತ್ತೇನೆ. ಕಾರ್ಡ್ ಅಂದರೇನು ಅಂತ ಗೊತ್ತಿದ್ದರೆ ಎರಡು ತಿಂಗಳು ಸೇರಿ ಸಾಕು. ಒಂದರಿಂದ ಏಳು, ಆಮೇಲೆ ಸೀದಾ 14. ನಡುವೆ ಇರುವುದೆಲ್ಲಾ ಗಿಟಾರಿನಲ್ಲಿ ಬೆರಳು ಓಡಿಸುವ ಕಸರತ್ತು, ಮೌಸಿನಲ್ಲಿ ಬರೆಯುವವರಿಗೆ ಅದು ಬೇಕಿಲ್ಲ.