ಶೂರ್ ಎಸ್‌ಎಂ 58 ಮೈಕ್: ಮಂದ್ರದಲ್ಲಿ ಹಾಡುವವರಿಗೆ ಹೇಳಲೇಬೇಕಾದ ಮಾತು

ಸ್ಟೇಜ್ ಹತ್ತಿ ಹಾಡಿದವರಿಗೆ ಈ ಮೈಕ್ ಪರಿಚಯ ಇದ್ದೇ ಇರುತ್ತದೆ. 1966ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚುಕಮ್ಮಿ ಅದೇ ರೂಪ. ಡಬ್ಬದ ಮೇಲಿನ ಅಂಕಿಗಳನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಮಂಡ್ಯ ಸುತ್ತಮುತ್ತ ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡುವ ನನ್ನ ಕೈಯಲ್ಲಿ ಇದು ಹಲವು ವರ್ಷಗಳಿಂದ ಇದೆ. ಇದರಿಂದ ನನಗೆ ಸಿಕ್ಕ ದೊಡ್ಡ ಸಂತೋಷ ಒಂದೇ. ನನ್ನ ಕೆಳಗಿನ ಸ್ವರಗಳು ಈಗ ಜನಕ್ಕೆ ಕೇಳುತ್ತವೆ.

ನಮ್ಮದು ಸಣ್ಣ ಆರ್ಕೆಸ್ಟ್ರಾ. ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ, ಗಿಟಾರ್, ಜೊತೆಗೆ ಹಾಡುವವರು. ಹಗಲಲ್ಲಿ ಎಲ್ಲರಿಗೂ ಬೇರೆ ಬೇರೆ ಕೆಲಸ. ಗಣೇಶನ ಹಬ್ಬ ಬಂತೆಂದರೆ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಪುರುಸೊತ್ತಿಲ್ಲ. ಮದ್ದೂರು, ಪಾಂಡವಪುರ, ನಾಗಮಂಗಲ ಅಂತ ಓಡಾಟ. ಆಮೇಲೆ ಮದುವೆ ರಿಸೆಪ್ಷನ್, ಊರಹಬ್ಬ. ಚಿಕ್ಕಂದಿನಿಂದ ಮನೆಯಲ್ಲಿ ಮೈಸೂರು ಆಕಾಶವಾಣಿ ಹಾಡುತ್ತಲೇ ಇತ್ತು. ಪಿ.ಬಿ. ಶ್ರೀನಿವಾಸ್ ದನಿ ಕೇಳಿದ ಕೂಡಲೇ ಅಪ್ಪ ಕೈಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ನಾನು ಹಾಡಲು ಕಲಿತಿದ್ದೇ ಆ ಹಾಡುಗಳನ್ನು ಹಾಡಬೇಕು ಅಂತ.

ಅವರ ಹಾಡಿನ ಸೊಗಸು ಇರುವುದು ಇಳಿಯುವ ಜಾಗದಲ್ಲಿ. ದನಿ ಮೆಲ್ಲಗೆ ಮಂದ್ರಕ್ಕೆ ಹೋಗುತ್ತದೆ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೂಗಿ ಹಾಡಿದರೆ ಆ ಹಾಡು ಉಳಿಯುವುದೇ ಇಲ್ಲ. ಆದರೆ ಸೌಂಡ್‌ನವರು ಕೊಡುತ್ತಿದ್ದ ಮೈಕ್‌ಗಳಲ್ಲಿ ಪಲ್ಲವಿ ಕೇಳುತ್ತಿತ್ತು, ಇಳಿಯುವ ಸಾಲು ಪ್ಯಾಡ್ ಸದ್ದಿನಲ್ಲಿ ಮುಳುಗಿ ಹೋಗುತ್ತಿತ್ತು. ಜಾಲರಿ ನಜ್ಜುಗುಜ್ಜು, ಒಳಗಿನ ಸ್ಪಂಜು ಪುಡಿಪುಡಿ. ಬೇರೆ ದಾರಿ ಇಲ್ಲದೆ ಕೀಬೋರ್ಡ್‌ನವರಿಗೆ ಹೇಳಿ ಸ್ಕೇಲ್ ಏರಿಸಿಕೊಂಡು ಹಾಡಬೇಕಾಗುತ್ತಿತ್ತು. ಹಾಡು ಕೇಳುತ್ತಿತ್ತು, ಅದರ ಗಾಂಭೀರ್ಯ ಹೋಗುತ್ತಿತ್ತು.

ಸ್ವಂತ ಮೈಕ್ ಬಂದ ಮೇಲೆ ಇದು ಬದಲಾಯಿತು. ಎಸ್‌ಎಂ 58 ಕಾರ್ಡಿಯಾಯ್ಡ್ ಮೈಕ್. ಅಂದರೆ ಎದುರಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಆದಷ್ಟೂ ಬಿಡುತ್ತದೆ. ಇಂಥ ಮೈಕ್‌ಗಳಿಗೆ ಇನ್ನೊಂದು ಗುಣವೂ ಇದೆ. ಬಾಯಿ ಹತ್ತಿರ ಬಂದಷ್ಟೂ ದನಿಯಲ್ಲಿ ಬೇಸ್, ಅಂದರೆ ತಗ್ಗಿನ ಸದ್ದು, ಜಾಸ್ತಿ ಆಗುತ್ತದೆ. ಇದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಮಂದ್ರಕ್ಕೆ ಇಳಿಯುವಾಗ ತುಟಿ ಜಾಲರಿಗೆ ತಾಗುವಷ್ಟು ಹತ್ತಿರ ಹೋಗುತ್ತೇನೆ. ಚರಣ ಏರುವಾಗ ನಾಲ್ಕು ಬೆರಳು ದೂರ. ಸಿ. ಅಶ್ವತ್ಥ್ ಅವರ ಧಾಟಿಯ ಭಾವಗೀತೆಗೆ ತೆರೆದ ಗಂಟಲು ಬೇಕಲ್ವಾ, ಆಗ ಒಂದು ಗೇಣು. ಕೈಯೇ ವಾಲ್ಯೂಮ್, ಕೈಯೇ ಬೇಸ್. ಈಗ ಯಾವ ಹಾಡಿಗೂ ಸ್ಕೇಲ್ ಏರಿಸುವುದಿಲ್ಲ. ಮೂಲ ಶ್ರುತಿಯಲ್ಲೇ ಹಾಡುತ್ತೇನೆ, ಕೊನೆಯ ಸಾಲಿನಲ್ಲಿ ನಿಂತವರೂ ತಲೆದೂಗುತ್ತಾರೆ.

ಈ ದೂರ ಹತ್ತಿರದ ಲೆಕ್ಕ ಸ್ಟೇಜ್ ಮೇಲೆ ಕಲಿಯುವುದಲ್ಲ. ಬೆಳಗ್ಗೆ ಸ್ನಾನ ಆದ ಮೇಲೆ ಮೊಬೈಲ್‌ನಲ್ಲಿ ತಂಬೂರಿ ಶ್ರುತಿ ಹಾಕಿ, ಮೈಕ್ ಅನ್ನು ಸಣ್ಣ ಮಿಕ್ಸರ್‌ಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಸ, ನಿ, ದ, ಪ ಅಂತ ಇಳಿಯುವುದು. ಪ್ರತಿ ಸ್ವರಕ್ಕೂ ಕೈ ಒಂದಿಷ್ಟು ಹತ್ತಿರ. ಮನೆಯವರಿಗೆ ತೊಂದರೆ ಇಲ್ಲ, ನನಗೆ ನನ್ನ ಉಸಿರು ಕೂಡ ಕೇಳುತ್ತದೆ. ದಿನದಲ್ಲಿ ನನಗೆ ಬಹಳ ಇಷ್ಟವಾದ ಹೊತ್ತು ಅದು.

ಕಾರ್ಯಕ್ರಮದ ಮಾರನೇ ದಿನ ತೊಳೆಯುವ ಕೆಲಸ. ಜಾಲರಿಯನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಸೋಪು ಕರಗಿಸಿದ ಉಗುರುಬೆಚ್ಚಗಿನ ನೀರು, ಒಂದು ಮೆತ್ತನೆಯ ಹಲ್ಲುಜ್ಜುವ ಬ್ರಷ್. ಒಳಗಿನ ಸ್ಪಂಜನ್ನು ಹಿಂಡದೆ ಮೆಲ್ಲಗೆ ಒತ್ತಿ ನೀರು ತೆಗೆಯುತ್ತೇನೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕುವುದು. ಜಾಲರಿ ಬಿಚ್ಚಿದ ಮೇಲೆ ಉಳಿಯುವ ಭಾಗಕ್ಕೆ ಒಂದು ಹನಿ ನೀರೂ ತಾಗಬಾರದು. ಊರೂರಿನ ಧೂಳು, ಪಟಾಕಿ ಹೊಗೆ ಎಲ್ಲ ಆ ಸ್ಪಂಜಿನಲ್ಲಿ ಕೂತಿರುತ್ತದೆ. ತೊಳೆದ ನೀರಿನ ಬಣ್ಣ ನೋಡಿದರೆ ಸ್ವಂತ ಮೈಕ್ ಯಾಕೆ ಬೇಕು ಅನ್ನುವುದು ತಿಳಿಯುತ್ತದೆ.

ಇನ್ನು ಸಿಟ್ಟಿನ ವಿಷಯ. ಮೈಕ್ ಮೇಲಲ್ಲ, ನಮ್ಮ ವೇದಿಕೆಗಳ ಮೇಲೆ. ಕಾರ್ಯಕ್ರಮದ ಮಧ್ಯೆ ಸನ್ಮಾನ ಅಂತ ನಿಲ್ಲಿಸುತ್ತಾರೆ. ಹಾಡುವವನ ಕೈಯಿಂದ ಮೈಕ್ ಕಿತ್ತುಕೊಂಡು ಮುಖಂಡರಿಗೆ ಕೊಡುತ್ತಾರೆ. ಅವರು ಮೈಕ್‌ನ ತಲೆಗೆ ತಟ್ಟುತ್ತಾರೆ, ಉಫ್ ಅಂತ ಊದುತ್ತಾರೆ, ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹಿಂದಿನ ಸದ್ದನ್ನು ತಡೆಯಲು ಮೈಕ್‌ನಲ್ಲಿರುವ ದಾರಿ ಆಗ ಮುಚ್ಚಿಹೋಗುತ್ತದೆ, ಕೂಡಲೇ ಸ್ಪೀಕರ್ ಕುಯ್ಯೋ ಅನ್ನುತ್ತದೆ. ಎಷ್ಟೋ ಸಲ ಒಳ್ಳೆಯ ಹಾಡಿನ ಗುಂಗು ಹೀಗೆ ಒಡೆದು ಹೋಗಿದೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅದು ಸರಿಯಾದ ನಿಯಮವೇ. ಆದರೆ ಇರುವ ಸಮಯದಲ್ಲಿ ಮುಕ್ಕಾಲು ಪಾಲು ಭಾಷಣಕ್ಕೆ ಹೋದರೆ ಹಾಡಲು ಬಂದವರು ಏನು ಮಾಡಬೇಕು? ಮಾತಿಗೆ ಬೇರೆ ಮೈಕ್ ಇಡಿ ಅಂತ ಈಗ ಮುಂಗಡ ಪಡೆಯುವಾಗಲೇ ಹೇಳಿಬಿಡುತ್ತೇನೆ.

ಸೌಂಡ್‌ನವರಿಗೂ ಒಂದು ಮಾತು. ಈ ಮೈಕ್‌ಗೆ ಸದ್ದು ಕಡಿಮೆ ಕೇಳುವುದು ನೇರ ಬೆನ್ನ ಹಿಂದೆ. ಆದ್ದರಿಂದ ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಗಾಯಕರ ಎದುರಿಗೇ, ಮೈಕಿನ ಬಾಲದ ಕಡೆ ಇರಬೇಕು. ಪಕ್ಕಕ್ಕೆ ಇಟ್ಟರೆ ಕೂಗು ಗ್ಯಾರಂಟಿ. ಮೈಸೂರಿನ ಕಲಾಮಂದಿರದಂಥ ಒಳಾಂಗಣದಲ್ಲಿ ಇದನ್ನೆಲ್ಲ ನೋಡಿಕೊಳ್ಳುತ್ತಾರೆ, ಹಳ್ಳಿಯ ಬಯಲಲ್ಲಿ ನಾವೇ ಹೋಗಿ ಸರಿಮಾಡಿಸಬೇಕು.

ಎಲ್ಲ ಕಂಠಕ್ಕೂ ಇದೇ ಬೇಕು ಅನ್ನುವುದಿಲ್ಲ. ನಮ್ಮ ತಂಡದ ಗಾಯಕಿಯದು ತೆಳುವಾದ, ಮಿಂಚುವ ದನಿ. ಅವರಿಗೆ ಬೇಕಾದದ್ದು ಬೇಸ್ ಅಲ್ಲ, ಮೇಲಿನ ಹೊಳಪು. ಅವರು ಕಂಡೆನ್ಸರ್ ಮೈಕ್ ಕೊಂಡರು, ಯುಗಳ ಗೀತೆಯಲ್ಲಿ ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಗಂಡುದನಿ, ಅದರಲ್ಲೂ ಕೆಳಗಿನ ಸ್ವರದಲ್ಲಿ ಸುಖ ಕಾಣುವವರಿಗೆ ನನ್ನ ಮತ ಎಸ್‌ಎಂ 58ಕ್ಕೇ.

ನಾನು ಕೊಂಡಾಗ ಬೆಲೆ 10,000 ರೂಪಾಯಿಯ ಆಸುಪಾಸು. ನಮ್ಮಂಥವರಿಗೆ ಅದು ಸಣ್ಣ ಮೊತ್ತ ಅಲ್ಲ. ಹಬ್ಬದ ಸೀಸನ್‌ನ ಸಂಭಾವನೆ ಕೂಡಿಟ್ಟು ತೆಗೆದುಕೊಂಡೆ. ಅರ್ಧ ಬೆಲೆಗೆ ಸಿಗುತ್ತದೆ ಅಂದರೆ ನಂಬಬೇಡಿ, ಇದರ ನಕಲಿಗಳು ಬೇಕಾದಷ್ಟು ಇವೆ. ನಮ್ಮ ಗಿಟಾರ್ ಗೆಳೆಯನಿಗೆ ಒಂದು ಅಂಗಡಿಯಲ್ಲಿ ಅಂಥದ್ದೇ ದಾಟಿಸಿದ್ದರು. ಹೊರಗಿನಿಂದ ಗೊತ್ತೇ ಆಗುತ್ತಿರಲಿಲ್ಲ. ನನ್ನದರ ಪಕ್ಕ ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿತು. ಅಸಲಿಯ ತೂಕ 298 ಗ್ರಾಂ, ಅಡಿಗೆಮನೆ ತಕ್ಕಡಿಯಲ್ಲೇ ನೋಡಬಹುದು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಅಧಿಕೃತ ಮಾರಾಟಗಾರರ ಬಿಲ್ ಇಲ್ಲದೆ ಕೊಳ್ಳಬೇಡಿ.

ಸ್ವಿಚ್ ಇಲ್ಲದ ಮಾದರಿಯನ್ನೇ ತೆಗೆದುಕೊಳ್ಳಿ. ಹಾಡಿನ ಮಧ್ಯೆ ಬೆರಳು ತಾಗಿ ಆಫ್ ಆಗುವ ಭಯ ಇರುವುದಿಲ್ಲ. ಹೆಸರಿನ ಕೊನೆಯಲ್ಲಿ ಎಲ್‌ಸಿ ಅಂತ ಇದ್ದರೆ ಕೇಬಲ್ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಇಟ್ಟುಕೊಳ್ಳಿ. ಜಾಲರಿ ನಜ್ಜಿದರೆ ಮೈಕ್ ಬಿಸಾಡಬೇಕಿಲ್ಲ, ಆರ್‌ಕೆ 143 ಜಿ ಅನ್ನುವ ಹೊಸ ಜಾಲರಿ ಬಿಡಿಯಾಗಿ ಸಿಗುತ್ತದೆ. ಈ ಸಲದ ಗಣೇಶನ ಹಬ್ಬಕ್ಕೆ ಮುಂಚೆ ನಾನೂ ಒಂದು ತರಿಸಿ ಇಟ್ಟುಕೊಳ್ಳುತ್ತಿದ್ದೇನೆ.