ಮಾತ್ರೆ ಬಿಡೋದಾದ್ರೆ ನನ್ನ ಹಾಗೆ ಬಿಡಬೇಡಿ

ಡಿಪ್ರೆಶನ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡು, ಈಗ ಚೆನ್ನಾಗಿದ್ದೀನಿ, ಇನ್ನು ಸಾಕು ಅಂತ ಯೋಚಿಸುತ್ತಿರುವವರು ಇದನ್ನು ಓದಿ. ನಾನು ಎಸಿಟಾಲೊಪ್ರಾಮ್ 10 ಮಿಲಿಗ್ರಾಂ ಆರು ವರ್ಷ ತಗೊಂಡೆ. ಒಂದೇ ದಿನಕ್ಕೆ ನಿಲ್ಲಿಸಿದೆ. ಆಮೇಲಿನ ಹದಿನೆಂಟು ದಿನ ಶತ್ರುವಿಗೂ ಬೇಡ.

ಮಾತ್ರೆ ಶುರುವಾಗಿದ್ದು ಅಪ್ಪ ತೀರಿಕೊಂಡ ವರ್ಷ. ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ನಿದ್ದೆ ಬಂತು, ಊಟ ಸೇರಿತು, ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡಿ ಕೆಲಸ ಮಾಡುವಷ್ಟಾದೆ. ಎಡವಿದ್ದು ಆಮೇಲೆ. ಒಂದು ವರ್ಷ ಆದಮೇಲೆ ಡಾಕ್ಟರ ಹತ್ತಿರ ಹೋಗೋದನ್ನೇ ಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿದರೆ ಕೊಡುತ್ತಿದ್ದರು. ಕೊನೆಕೊನೆಗೆ ಚೀಟಿಯನ್ನೂ ಕೇಳುತ್ತಿರಲಿಲ್ಲ, ಮುಖ ನೋಡಿ ಸ್ಟ್ರಿಪ್ ಕೊಡೋರು. ಇದನ್ನು ನಿಲ್ಲಿಸೋದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೋದ ವರ್ಷ ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಟ್ಟ ದಿನ ಸೋದರಮಾವ ಬಂದಿದ್ದರು. ಫ್ರಿಜ್ ಮೇಲಿದ್ದ ಸ್ಟ್ರಿಪ್ ನೋಡಿ, "ಏನ್ಲಾ, ಇನ್ನೂ ನುಂಗ್ತಾನೇ ಇದ್ದೀಯಾ? ಇದೇನು ದಿನಾ ಉಣ್ಣೋ ಮುದ್ದೆನಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಎಲ್ಲಾ ಮಾತ್ರೆ ಕಸದ ಬುಟ್ಟಿಗೆ ಹೋಯಿತು.

ಎರಡು ದಿನ ಏನೂ ಆಗಲಿಲ್ಲ. ಇಷ್ಟೇನಾ ಅಂತ ಬೀಗಿದೆ. ನಾಲ್ಕನೇ ದಿನ ರೈಲು ಶ್ರೀರಂಗಪಟ್ಟಣ ಬಿಟ್ಟು ಹೊಳೆ ದಾಟುತ್ತಿತ್ತು. ಹಿಂದಿನಿಂದ ವಡೆಯವನು ಕೂಗಿದ. ಆ ಕಡೆ ಕಣ್ಣು ಹೊರಳಿಸಿದೆ ಅಷ್ಟೇ, ತಲೆಯೊಳಗೆ ಝಿರ್ ಅಂತ ಕರೆಂಟ್ ಹೊಡೆಯಿತು. ನೋವಲ್ಲ. ಅರೆಕ್ಷಣ ಲೈಟ್ ಆಫ್ ಆಗಿ ಆನ್ ಆದ ಹಾಗೆ. ಮತ್ತೆ ಕಣ್ಣು ತಿರುಗಿಸಿದೆ, ಮತ್ತೆ ಝಿರ್. ಮೈಸೂರು ಸ್ಟೇಷನ್ ಬರುವವರೆಗೂ ಎದುರಿಗಿದ್ದವರ ಬ್ಯಾಗನ್ನೇ ನೋಡುತ್ತಾ ಕೂತೆ. ಊರಿಗೆಲ್ಲಾ ದಸರಾ ಲೈಟು. ನನಗೆ ಕತ್ತು ಎತ್ತೋಕೂ ಭಯ.

ಆಮೇಲೆ ವಾಕರಿಕೆ, ಬೆವರು, ರಾತ್ರಿಯೆಲ್ಲಾ ಕೆಟ್ಟ ಕೆಟ್ಟ ಕನಸು. ತಲೆಸುತ್ತಿಗೆ ಒಬ್ಬ ಡಾಕ್ಟರ ಹತ್ತಿರ ಹೋದೆ. "ಬೇರೆ ಮಾತ್ರೆ ಏನಾದ್ರೂ ತಗೋತಿದ್ದೀರಾ?" ಅಂದರು. "ಇಲ್ಲ ಸರ್" ಅಂದೆ. ಸುಳ್ಳಲ್ಲ ನೋಡಿ, ಬಿಟ್ಟಿದ್ದೆನಲ್ಲ! ಡಿಪ್ರೆಶನ್ ಮಾತ್ರೆ ಅನ್ನೋಕೆ ನಾಚಿಕೆ. ಅವರು ಕಿವಿಯ ತೊಂದರೆ ಇರಬಹುದು ಅಂತ ಬೇರೆ ಮಾತ್ರೆ ಬರೆದರು. ಅವರನ್ನು ಅನ್ನೋ ಹಾಗಿಲ್ಲ. ಆ ಒಂದು "ಇಲ್ಲ ಸರ್" ನನ್ನ ಹತ್ತು ದಿನ ತಿಂದುಹಾಕಿತು.

ಆ ಹತ್ತು ದಿನದಲ್ಲೇ ಸಾರಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ಎಸೆದೆ. ಮಗಳು ಬಾಗಿಲ ಹಿಂದೆ ಹೋಗಿ ನಿಂತಳು. ಹಳೇ ಕಾಯಿಲೆ ವಾಪಸ್ ಬಂತು, ಇನ್ನು ನಾನು ಸರಿಹೋಗಲ್ಲ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಒಂದು ರಾತ್ರಿ ಬರಬಾರದ ಯೋಚನೆಯೂ ಬಂತು. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೆ ಆಗ ಗೊತ್ತಿರಲಿಲ್ಲ. ಅಂಥ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಹಿಡಿದಿದ್ದು ನನ್ನ ಹೆಂಡತಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಮುಂದೆ ನಿಂತು, "ರೀ, ಮಾತ್ರೆ ಬಿಟ್ಟಿದ್ದು ಎಡೆ ಇಟ್ಟ ದಿನ ಅಲ್ವಾ?" ಅಂತ ಬೆರಳಲ್ಲಿ ಎಣಿಸಿದಳು. ಹದಿನೆಂಟು. ಮಾರನೇ ದಿನವೇ ಮೈಸೂರಿನಲ್ಲಿ ಮನೋವೈದ್ಯರ ಮುಂದೆ ಕೂರಿಸಿದಳು.

ಅವರು ಕೇಳಿದ ಮೊದಲ ಪ್ರಶ್ನೆಯೇ "ಯಾವಾಗ ನಿಲ್ಲಿಸಿದಿರಿ?" ಹಳೇ ಡೋಸೇ ಮತ್ತೆ ಶುರು ಮಾಡಿದರು. ಮೂರೇ ದಿನಕ್ಕೆ ಕರೆಂಟ್ ಹೊಡೆಯೋದು ನಿಂತಿತು. ಇದು ಹಳೇ ಕಾಯಿಲೆ ಅಲ್ಲ, ಮಾತ್ರೆ ದಿಢೀರ್ ನಿಂತಿದ್ದಕ್ಕೆ ಮಿದುಳು ಮಾಡಿದ ಗಲಾಟೆ ಅಂದರು. ಕಾಯಿಲೆ ಮರಳುವುದು ಸಾಮಾನ್ಯವಾಗಿ ವಾರ, ತಿಂಗಳು ಕಳೆದ ಮೇಲೆ, ನಿಧಾನಕ್ಕೆ. ಇದು ಕೆಲವೇ ದಿನದಲ್ಲಿ ಬರುತ್ತೆ, ತಲೆಸುತ್ತು, ಝಿರ್ ಅನ್ನೋದು ಜೊತೆಗಿರುತ್ತೆ, ಮಾತ್ರೆ ಮತ್ತೆ ಕೊಟ್ಟರೆ ಬೇಗ ಇಳಿಯುತ್ತೆ. ಚಟ ಅಂತಲೂ ಅಲ್ಲ, ಇನ್ನೂ ಬೇಕು ಅಂತ ಯಾರೂ ಇದರ ಹಿಂದೆ ಓಡಲ್ಲ. ಎಲ್ಲರಿಗೂ ಹೀಗಾಗಲ್ಲವಂತೆ. ಡಿಪ್ರೆಶನ್‌ಗೇ ಕೊಡುವ ಬೇರೆ ಮಾತ್ರೆಗಳಾದ ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮೈಯಿಂದ ಬೇಗ ಖಾಲಿಯಾಗುವುದರಿಂದ ಅವುಗಳಲ್ಲಿ ಕಾಟ ಜಾಸ್ತಿ. ಫ್ಲೂಯೊಕ್ಸೆಟಿನ್ ವಾರಗಟ್ಟಲೆ ಉಳಿಯುತ್ತೆ, ಅದರಲ್ಲಿ ಕಡಿಮೆ.

ದಿನ ಬಿಟ್ಟು ದಿನ ತಗೊಂಡರೆ ಆಗಲ್ವಾ ಅಂದೆ. ಬೇಡ, ಮಿದುಳಿಗೆ ಅದು ಏರಿ ಇಳಿದು ಏರಿ ಇಳಿದು ಆಗುತ್ತೆ, ದಿನಾ ಸ್ವಲ್ಪ ಕಡಿಮೆ ಡೋಸ್ ತಗೊಳ್ಳಿ ಅಂದರು. ಚೀಟಿ ಹಿಂದೆ ಒಂದು ಗೆರೆ ಎಳೆದರು. 10ರಿಂದ 5ಕ್ಕೆ ಬಂದರೆ ಮಿದುಳಿಗೆ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ, 5ರಿಂದ ಸೊನ್ನೆಗೆ ಬಂದರೆ ಧೊಪ್ಪನೆ ಬಿದ್ದ ಹಾಗೆ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಹೊರೊವಿಟ್ಜ್, ಟೇಲರ್ ಎಂಬ ಸಂಶೋಧಕರು ಬರೆದದ್ದೂ ಇದನ್ನೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದವರಿಗೆ ಗೊತ್ತಿರುತ್ತೆ, ನಂದಿವರೆಗೆ ಸಲೀಸು, ಮೊಣಕಾಲು ನಡುಗೋದು ಅದರಿಂದ ಕೆಳಗೆ.

ಸಂಕ್ರಾಂತಿ ಆದಮೇಲೆ ಇಳಿಸಲು ಶುರು ಮಾಡಿದೆ. ಮೊದಲು ಏಳೂವರೆ, ಆಮೇಲೆ ಐದು, ಒಂದೊಂದರಲ್ಲೂ ವಾರಗಟ್ಟಲೆ. ನನ್ನ ಲೆಕ್ಕ ನಿಮಗೆ ಆಗಲ್ಲ, ನಿಮ್ಮ ಡಾಕ್ಟರೇ ಹೇಳಬೇಕು. ತರಕಾರಿ ಚಾಕುವಲ್ಲಿ ಮಾತ್ರೆ ಕತ್ತರಿಸೋಕೆ ಹೋಗಿ ಅರ್ಧ ಸ್ಟವ್ ಕೆಳಗೆ ಹಾರಿತು, ಮಾತ್ರೆ ಕತ್ತರಿಸೋದಕ್ಕೇ ಪುಟ್ಟ ಕಟರ್ ಸಿಗುತ್ತೆ, ತಗೊಳ್ಳಿ. ಆದರೆ ನಿಧಾನಕ್ಕೆ ಕರಗಲಿ ಅಂತಲೇ ಮಾಡಿರುವ ಮಾತ್ರೆಗಳನ್ನು ಕೇಳದೆ ಕತ್ತರಿಸಬೇಡಿ.

ಈಗ ಎರಡೂವರೆಯಲ್ಲಿದ್ದೇನೆ. ಒಮ್ಮೊಮ್ಮೆ ಸಣ್ಣಗೆ ಝಿರ್ ಅನ್ನುತ್ತೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಚುಕ್ಕೆ ಇಡುತ್ತೇನೆ, ಚುಕ್ಕೆ ಜಾಸ್ತಿಯಾದರೆ ಅಲ್ಲೇ ನಿಲ್ಲುತ್ತೇನೆ. ಈ ಸಲ ಎಡೆ ಇಡುವ ಹೊತ್ತಿಗೆ ಪೂರ್ತಿ ಬಿಟ್ಟಿರುತ್ತೇನೋ ಇಲ್ಲವೋ. ಮಾವ ಅಂತೂ ಬಂದೇ ಬರುತ್ತಾರೆ. ಸ್ಟ್ರಿಪ್ ಫ್ರಿಜ್ ಮೇಲೇ ಇರುತ್ತೆ.